ಕಬ್ಬಿಣದ ಪಥ್ಯ

ನಮ್ಮ ಕಡೆಯವರ ಕೈಗೆ ಒಂದು ಔಷಧ ಕೊಟ್ಟು ನೋಡಿ. ಅದು ಬೇರೋ ಭಸ್ಮವೋ, ಕಹಿಯೋ ಸಿಹಿಯೋ, ದಿನಕ್ಕೆ ಎಷ್ಟು ಸಲ ತೆಗೆದುಕೊಳ್ಳಬೇಕು ಎಂಬುದನ್ನೆಲ್ಲ ಅವರು ನಿಧಾನವಾಗಿ ವಿಚಾರಿಸುತ್ತಾರೆ. ಮೊದಲು ಬರುವ ಪ್ರಶ್ನೆ ಮಾತ್ರ ಒಂದೇ: 'ಪಥ್ಯ ಏನ್ರಿ?' ಬದನೆಕಾಯಿ ಬಿಡಬೇಕೋ, ಹುಳಿ ಬಿಡಬೇಕೋ, ಮಜ್ಜಿಗೆ ನಡೆದೀತೋ. 'ಪಥ್ಯ ಏನೂ ಇಲ್ಲ, ಎಲ್ಲ ತಿನ್ನಿ' ಎನ್ನುವ ವೈದ್ಯನನ್ನು, ತೂಕದ ಕಲ್ಲಿಲ್ಲದೆ ತಕ್ಕಡಿ ಹಿಡಿದವನನ್ನು ನೋಡುವಂತೆ ನೋಡುತ್ತಾರೆ. ನಮ್ಮಿಂದ ಏನನ್ನೂ ಕಿತ್ತುಕೊಳ್ಳದ ಔಷಧ ನಮಗೆ ಏನನ್ನು ತಾನೆ ಕೊಟ್ಟೀತು ಎಂಬುದು ಅವರ ತರ್ಕ. ಗುಳಿಗೆಯನ್ನು ಅಂಗಿಯ ಜೇಬಿನಲ್ಲೇ ಮರೆತು, ಬದನೆಕಾಯಿಯನ್ನು ಮಾತ್ರ ನಿಷ್ಠೆಯಿಂದ ಬಿಟ್ಟು, ಗುಣವಾಗಿ, ವೈದ್ಯನ ಕೈಗುಣವನ್ನು ಊರೆಲ್ಲ ಹೊಗಳಿದವರನ್ನು ನಾನು ಬಲ್ಲೆ.

ಇಂಥದ್ದನ್ನೆಲ್ಲ ಕಂಡು ನಗುವ ಅಧಿಕಾರ ನನಗುಂಟು ಎಂದು ನಾನು ಬಹುಕಾಲ ನಂಬಿದ್ದೆ. ಏಕೆಂದರೆ ನಾನು ವಿಜ್ಞಾನದ ಪದವೀಧರ. ಮುಂಡಗೋಡದ ಹತ್ತಿರದ ಹಳ್ಳಿಯೊಂದರ ಒಕ್ಕಲು ಮನೆತನದಲ್ಲಿ, ನೇಗಿಲಿನ ಗೆರೆಯ ಹೊರತು ಬೇರೆ ಗೆರೆಯನ್ನು ಎಳೆದರಿಯದವರ ನಡುವೆ, ಧಾರವಾಡಕ್ಕೆ ಹೋಗಿ ಬಿ.ಎಸ್ಸಿ. ಮಾಡಿಕೊಂಡು ಬಂದ ಮೊದಲಿಗ. ದಾಂಡೇಲಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕು ಅಂಬೇವಾಡಿಯಲ್ಲಿ ಬಾಡಿಗೆಗೆ ಮನೆ ಹಿಡಿದಾಗ, ಬಾಗಿಲ ಮೇಲೊಂದು ಹಲಗೆ ಹಾಕಿಸಿದೆ. ಅದರಲ್ಲಿ ನನ್ನ ಹೆಸರಿಗಿಂತ ಪದವಿಯ ಅಕ್ಷರಗಳೇ ದಪ್ಪಗಿವೆ. ಬರೆದವನ ತಪ್ಪೇನಿಲ್ಲ, ನಾನೇ ನಿಂತು ಹೇಳಿ ಬರೆಸಿದ್ದು. ಕಷ್ಟಪಟ್ಟು ಗಳಿಸಿದ್ದನ್ನು ಸಣ್ಣಗೆ ಬರೆಯುವ ವಿನಯ, ಅಜ್ಜನ ಕಾಲದಿಂದ ಓದಿಕೊಂಡು ಬಂದವರಿಗೆ ಒಪ್ಪುತ್ತದೆ, ನನಗಲ್ಲ.

ಅಪ್ಪ ತೀರಿಕೊಂಡ ಮೇಲೆ ತಮ್ಮನ ಪಾಲಿಗೆ ಹೊಲ ಬಂತು, ನನ್ನ ಪಾಲಿಗೆ ಅವ್ವ ಬಂದಳು. ಲಾಭ ನನಗೇ ಹೆಚ್ಚು. ಆದರೆ ಅವ್ವನ ಜೊತೆಗೆ ಅವಳ ಬಲ ಮೊಣಕಾಲಿನ ನೋವೂ ಬಂತು. ಮಳೆಗಾಲವೆಲ್ಲ ಬೆಳಿಗ್ಗೆ ನಮ್ಮ ಗದ್ದೆಯಲ್ಲಿ, ಮಧ್ಯಾಹ್ನ ಮಂದಿಯ ಗದ್ದೆಯಲ್ಲಿ ಬಾಗಿ ಸಸಿ ನೆಟ್ಟ ಮೊಣಕಾಲು ಅದು. ನನ್ನ ಕಾಲೇಜು ನಡೆದದ್ದು ಆ ಕಾಲಿನ ಮೇಲೆ. ಅಂಬೇವಾಡಿಗೆ ಬಂದ ಮೇಲಾದರೂ ಅದಕ್ಕೆ ಬಿಡುವು ಸಿಗಬೇಕಿತ್ತು. ಅವ್ವ ಬಿಡಬೇಕಲ್ಲ! ಕಾಗದದ ಗಿರಣಿಯ ಭೋಂಗಾ ಬೆಳಗಿನ ಪಾಳಿಯವರನ್ನು ಎಬ್ಬಿಸುವುದರೊಳಗೆ ಅವಳು ಓಣಿಯ ಬಾವಿಯಿಂದ ನೀರು ಸೇದಿ ಹಂಡೆ ತುಂಬಿಸಿರುತ್ತಿದ್ದಳು. ಸೌದೆ ಒಡೆದು, ಹಿತ್ತಲಲ್ಲಿ ಕುರ್ಪಿ ಹಿಡಿದು ಮೆಣಸಿನ ಗಿಡದ ಬುಡ ಕೆದರಿರುತ್ತಿದ್ದಳು.

ಕಾಲು ಮಡಚಲು ಬಾರದಾದಾಗ ಅವಳು ಕಂಗಾಲಾದದ್ದು ಕೆಲಸಕ್ಕಾಗಿ ಅಲ್ಲ, ಪೂಜೆಗಾಗಿ. ನೆಲದ ಮೇಲೆ ಪದ್ಮಾಸನ ಹಾಕಿ, ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತು ಬಾಳೆಲ್ಲ ಕಳೆದವಳು, ಈಗ ನನ್ನ ಮರದ ಕುರ್ಚಿಯ ಮೇಲೆ ಕಾಲು ಇಳಿಬಿಟ್ಟು ಕೂರಬೇಕಾಯಿತು. 'ಕುರ್ಚಿ ಮ್ಯಾಲ ಕುಂತು ಪೂಜಿ ಮಾಡೂದಂದ್ರ ದೇವ್ರಿಗೆ ಮುಲಾಖತ್ ಕೊಟ್ಟಂಗ ಆಕ್ಕೈತಿ,' ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ಡಾಕ್ಟರು ಮೊಣಕಾಲನ್ನು ಒತ್ತಿ ನೋಡಿ, ಇದಕ್ಕೆ ವಿಶ್ರಾಂತಿಯೇ ಮದ್ದು, ಹೀಗೇ ನೀರು ಹೊರುತ್ತಿದ್ದರೆ ಬರುವ ಮಳೆಗಾಲದೊಳಗೆ ಹಾಸಿಗೆ ಹಿಡಿಯುತ್ತಾರೆ ಎಂದು ನನಗೆ ಸ್ಪಷ್ಟವಾಗಿ ಹೇಳಿದರು. ವಿಶ್ರಾಂತಿ! ಅವ್ವನ ಆಯುಷ್ಯದಲ್ಲಿ ಆ ಪದಾರ್ಥ ಎಂದೂ ಮನೆಗೆ ಬಂದದ್ದೇ ಇಲ್ಲ. ಮೇಲಾಗಿ ನನ್ನ ಹೆಂಡತಿ ಪಾರ್ವತಿ ಬಸುರಿ. ಅವಳು ಬಾವಿಯ ಹಗ್ಗ ಮುಟ್ಟಕೂಡದೆಂಬುದು ಅವ್ವನದೇ ಆಜ್ಞೆ. ನಾನೊಮ್ಮೆ ಬಕೆಟ್ಟಿಗೆ ಕೈ ಹಾಕಿದಾಗ ಕಸಿದುಕೊಂಡಳು.

'ಇದನ್ನ ಮಾಡಾಕ ನಿನ್ನ ಧಾರವಾಡಕ್ಕ ಕಳಿಸಿದ್ನೇನೋ? ಓಣ್ಯಾಗ ನನ್ನ ಮಾನ ತಗೀತಿ.'

ಹೀಗಾಗಿ ಮನೆಯಲ್ಲಿದ್ದ ಮೂವರಲ್ಲಿ ಒಬ್ಬಳು ಬಸುರಿ, ಒಬ್ಬಳು ಕುಂಟಿ, ಒಬ್ಬ ಗ್ರ್ಯಾಜುಯೇಟ್. ಮೂವರೂ ಅಶಕ್ತರು. ಅಶಕ್ತರಲ್ಲೇ ಗಟ್ಟಿಯಾದವಳು ಅವ್ವ, ಆದ್ದರಿಂದ ನೀರು ಅವಳೇ ತರುವುದು. ನಾನೂ ಎರಡನೆಯ ಸಲ ಬಕೆಟ್ಟಿಗೆ ಕೈ ಹಾಕಲಿಲ್ಲ ಎಂಬುದನ್ನು ಓದುಗರು ಗಮನಿಸಿರಬಹುದು.

ಇಂಥ ದಿನಗಳಲ್ಲಿ ಅವ್ವ ನನ್ನ ತಮ್ಮನ ಮನೆಗೆ ಹೋದವಳು ಮುಂಡಗೋಡದ ಸಂತೆಯಿಂದ ಒಂದು ಆಯಸ್ಕಾಂತ ತಂದಳು. ಅಂಗೈಯಗಲದ ಕರಿಯ ಬಿಲ್ಲೆ. ಮಾರುವವನು ಅದಕ್ಕೆ ಮೊಳೆಗಳ ಸರವನ್ನೇ ನೇತುಹಾಕಿ ತೋರಿಸಿ, ರಕ್ತದಲ್ಲಿ ಕಬ್ಬಿಣವಿದೆ, ನೋವಿದ್ದಲ್ಲಿ ಇದನ್ನು ಕಟ್ಟಿದರೆ ನಿಂತ ರಕ್ತವನ್ನು ಎಳೆದು ಓಡಿಸುತ್ತದೆ ಎಂದು ಭಾಷಣ ಮಾಡಿದ್ದನಂತೆ. ವಿಜ್ಞಾನದ ಮಾಸ್ತರನ ಸ್ವಂತ ಮನೆಯಲ್ಲೇ ಈ ಅಪಚಾರ! ನಾನು ತರಗತಿಯ ಧ್ವನಿಯಲ್ಲಿ ವಿವರಿಸಿದೆ: ರಕ್ತದಲ್ಲಿ ಕಬ್ಬಿಣ ಇರುವುದು ನಿಜ, ಆದರೆ ಅದು ಅಂಗಡಿಯ ಮೊಳೆಯಂತೆ ಬಿಡಿಬಿಡಿಯಾಗಿಲ್ಲ, ಅದನ್ನು ಈ ಬಿಲ್ಲೆ ಎಳೆಯಲಾರದು, ಎಳೆಯುವ ಹಾಗಿದ್ದರೆ ಕೈಯಲ್ಲಿ ಹಿಡಿದವನ ಬೆರಳೇ ಮೊದಲು ಊದಬೇಕಿತ್ತು. ಅವ್ವ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, 'ನಿನ್ನ ಡಿಗ್ರಿ ನಿಂತದ್ದು ನನ್ನ ಮೊಣಕಾಲ ಮ್ಯಾಲ. ಮೊಣಕಾಲಿಗೇ ಪಾಠಾ ಹೇಳಬ್ಯಾಡ,' ಎಂದು ಬಿಲ್ಲೆಯನ್ನು ಹಳೆಯ ಸೀರೆಯ ಅಂಚಿನಿಂದ ಕಾಲಿಗೆ ಬಿಗಿದುಕೊಂಡಳು. ಗಂಟು ಹಾಕಿ ಮುಗಿಸಿದವಳಿಗೆ ಥಟ್ಟನೆ ನೆನಪಾಯಿತು.

'ಅಯ್ಯ, ಆ ಮನುಷ್ಯಾನ್ನ ಪಥ್ಯಾ ಕೇಳೂದ ಮರತು ಬಂದೆ ನೋಡು. ಸೂಜಿಗಲ್ಲು ಅಂದ್ರ ನಿನ್ನ ವಿದ್ಯಾ ಅಲ್ಲೇನು? ನೀನಽ ಹೇಳು, ಇದಕ್ಕ ಪಥ್ಯಾ ಏನು?'

ಇದಕ್ಕೆ ಔಷಧದ ಗುಣವೇ ಇಲ್ಲ, ಪಥ್ಯ ಎಲ್ಲಿಂದ ಬರಬೇಕು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಕೈ ಮೂಲೆಯಲ್ಲಿದ್ದ ಬಕೆಟ್ಟಿನ ಹಿಡಿಕೆಯ ಮೇಲಿತ್ತು. ನಾಲ್ಕು ವರ್ಷದ ಕಾಲೇಜಿನಲ್ಲಿ ಒಮ್ಮೆಯೂ ಇಷ್ಟು ಬೇಗ ಉತ್ತರ ಹೊಳೆದದ್ದಿಲ್ಲ.

'ಕಬ್ಬಿಣಾ ಮುಟ್ಟಬಾರದು,' ಎಂದೆ.

ಅವಳು ಬಕೆಟ್ಟನ್ನು ಬಿಟ್ಟಳು; ಕಾದ ಹಂಚು ಮುಟ್ಟಿದವಳ ಹಾಗೆ ಬಿಟ್ಟಳು.

ಮನುಷ್ಯ ಕಬ್ಬಿಣದ ಯುಗದಲ್ಲಿದ್ದಾನೆ ಎಂದು ಇತಿಹಾಸದಲ್ಲಿ ಓದಿದ್ದೆ. ಅದರ ಅರ್ಥ ತಿಳಿದದ್ದು ಆ ವಾರ. ಬಕೆಟ್ಟು ಹೋಯಿತು, ಬಾವಿಯ ರಾಟೆ ಹೋಯಿತು. ಕೊಡಲಿ, ಕುರ್ಪಿ, ತರಕಾರಿ ಹೆಚ್ಚುವ ಈಳಿಗೆ, ರೊಟ್ಟಿಯ ಹಂಚು, ಎಲ್ಲವೂ ಅವ್ವನ ಕೈಗೆ ಒಮ್ಮೆಲೇ ನಿಷಿದ್ಧವಾದವು. ಬಾಗಿಲ ಅಗುಳಿಯೂ ಕಬ್ಬಿಣದ್ದೇ ಆದ್ದರಿಂದ ಅವಳು ಹೊಸ್ತಿಲಲ್ಲಿ ನಿಂತು, 'ಯಾರರ ತಗೀರಿ!' ಎಂದು ಮಹಾರಾಣಿಯಂತೆ ಕೂಗುತ್ತಿದ್ದಳು. ಆದರೆ ಅವಳು ಸುಮ್ಮನೆ ನಂಬುವ ಪೈಕಿಯಲ್ಲ. ಬಿಲ್ಲೆಯನ್ನು ಬಿಚ್ಚಿ ಹಿಡಿದು ಮನೆಯ ಒಂದೊಂದು ವಸ್ತುವನ್ನೂ ಪರೀಕ್ಷಿಸಿದಳು. 'ಇದು ಹಿಡೀತು, ನನಗ ಬ್ಯಾಡ. ಇದು ಹಿಡೀಲಿಲ್ಲ, ನನ್ನ ಪಾಲಿಂದು.' ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬನೂ ಇಷ್ಟು ಶ್ರದ್ಧೆಯಿಂದ ಪ್ರಯೋಗ ಮಾಡಿದ್ದನ್ನು ನಾನು ಕಂಡಿಲ್ಲ. ತಾಮ್ರದ ಕೊಡ ಹಿಡಿಯಲಿಲ್ಲವೆಂದು ಹಿಗ್ಗಿ ಅದನ್ನು ಸೊಂಟಕ್ಕೇರಿಸಿ ಬಾವಿಗೆ ಹೊರಟೇಬಿಟ್ಟಳು. ಅದೃಷ್ಟಕ್ಕೆ ಬಾವಿಯ ಬಕೆಟ್ಟು ದಾರಿಗಡ್ಡ ನಿಂತಿತು. ಕೊಡ ತಾಮ್ರದ್ದಾದರೇನು, ಸೇದುವುದು ಕಬ್ಬಿಣದಿಂದಲೇ ತಾನೆ?

ಅವಳು ತಿರುಗಿ ಬಂದು ಖಾಲಿ ಕೊಡವನ್ನು ನನ್ನ ಮುಂದಿಟ್ಟಳು. ಮಗನಿಗೆ ಕೊಡ ಹೊರಿಸಬೇಕಲ್ಲ ಎಂಬ ಸಂಕಟ ಅವಳ ಮುಖದ ಮೇಲೆ ಅಚ್ಚಾಗಿತ್ತು. 'ಪಥ್ಯ ಅಂದ ಮ್ಯಾಲ ಏನ್ ಮಾಡೂದಪಾ,' ಎಂದಳು. ಮಗನಿಂದ ಸೇವೆ ಪಡೆಯುವುದು ಅವಳಿಗೆ ಅವಮಾನ. ಪಥ್ಯ ಪಾಲಿಸುವುದು ಧರ್ಮ. ಬಾಳೆಲ್ಲ ದುಡಿದವರಿಗೆ 'ಕೂತುಕೊಳ್ಳಿ' ಎಂದರೆ ಎದ್ದು ನಿಲ್ಲುತ್ತಾರೆ. 'ಏಳಕೂಡದು' ಎಂದರೆ ಮಾತ್ರ ಕೂರುತ್ತಾರೆ.

ಹೀಗೆ ಒಬ್ಬ ಬಿ.ಎಸ್ಸಿ. ಪದವೀಧರ ಅಂಬೇವಾಡಿಯ ಬಾವಿಕಟ್ಟೆಯನ್ನು ಏರಿದ. ಮೊದಲ ದಿನ ಹೆಂಗಸರೆಲ್ಲ ಸರಿದು ದಾರಿ ಕೊಟ್ಟರು. ಎರಡನೆಯ ದಿನದಿಂದ ನನ್ನನ್ನು ಹಿಂದೆ ತಳ್ಳಿ ತಾವು ಮೊದಲು ಸೇದಿಕೊಂಡರು. ಪಕ್ಕದ ಮನೆಯ ಪಾಂಡುರಂಗ, ಗಿರಣಿಯಲ್ಲಿ ಬಿದಿರು ಕತ್ತರಿಸುವ ಯಂತ್ರದ ಮೇಲೆ ಕೆಲಸ ಮಾಡುವವನು, ಪಾಳಿ ಮುಗಿಸಿ ಬಂದು ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತಿರುತ್ತಿದ್ದ.

'ಏನ್ರಿ ಮಾಸ್ತರ, ಬಿ.ಎಸ್ಸಿ. ಮ್ಯಾಲ ಇದು ಎಮ್.ಎಸ್ಸಿ. ಏನ್ರಿ?'

'ಪ್ರ್ಯಾಕ್ಟಿಕಲ್ ನಡದೈತಿ,' ಎಂದೆ. ಅವನ ಹಿಂದೆಯೇ ಅವನ ಹೆಂಡತಿ ಸಾವಿತ್ರಿ, ನಡು ಹಿಡಿದುಕೊಂಡು, ಕೊಡ ಎತ್ತಲಾರದೆ ಎತ್ತುತ್ತಿದ್ದಳು. ಅವನು ಹೊಗೆ ಬಿಡುತ್ತ ನನ್ನ ಕೊಡವನ್ನೇ ನೋಡುತ್ತಿದ್ದ.

ದಿನಗಳು ಕಳೆದವು. ನನ್ನ ಅಂಗೈಯ ಬೊಬ್ಬೆಗಳು ಒಡೆದು ಗಟ್ಟಿಯಾದವು. ಅವ್ವನ ಮೊಣಕಾಲಿನ ಬಾವು ಇಳಿಯಿತು. ಒಂದು ಬೆಳಿಗ್ಗೆ ಹೆಗಲ ಮೇಲೆ ಕೊಡ ಹೊತ್ತು ಒಳಗೆ ಬಂದರೆ ಪೂಜೆಯ ಕುರ್ಚಿ ಖಾಲಿ. ಎಲ್ಲಿ ಬಿದ್ದಳೋ ಎಂದು ಗಾಬರಿಯಿಂದ ನೋಡಿದೆ. ಕುರ್ಚಿಯ ಆಚೆ, ನೆಲದ ಮೇಲೆ, ಚಾಪೆಯ ಮೇಲೆ, ಎರಡೂ ಕಾಲು ಮಡಚಿ ಅವ್ವ ಕೂತಿದ್ದಳು. ಅಂಗೈಯಲ್ಲಿ ಲಿಂಗ, ಮುಚ್ಚಿದ ಕಣ್ಣು. ಕೊಡ ಇಳಿಸಿದರೆ ಸದ್ದಾದೀತೆಂದು ಪೂಜೆ ಮುಗಿಯುವವರೆಗೆ ಹಾಗೆಯೇ ನಿಂತಿದ್ದೆ. ಘಟಿಕೋತ್ಸವದ ದಿನ ಕರಿ ನಿಲುವಂಗಿ ಹೊತ್ತು ನಿಂತಾಗಲೂ ನನ್ನ ಹೆಗಲಿಗೆ ಅಷ್ಟು ಗೌರವ ಬಂದಿರಲಿಲ್ಲ.

ಸುದ್ದಿ ಓಣಿಯಲ್ಲಿ ಹಬ್ಬಲು ಭೋಂಗಾ ಬೇಕಾಗಲಿಲ್ಲ. ಮರುದಿನವೇ ಪಾಂಡುರಂಗ ಬಂದ.

'ಆಯಿ, ಸಾವಿತ್ರಿ ನಡಾ ಭಾಳ ನೋಯಾಕತ್ತೈತಿ. ನಿಮ್ಮ ಚುಂಬಕ ಸ್ವಲ್ಪ ದಿನ ಕೊಡ್ರಲ್ಲ.'

ಅವ್ವ ಬಿಲ್ಲೆ ಬಿಚ್ಚಿ ಅವನ ಕೈಯಲ್ಲಿಟ್ಟಳು. 'ಒಯ್ಯಿ. ಆದ್ರ ಪಥ್ಯಾ ಕಡಕ್ ಐತಿ ನೋಡು. ಆಕಿ ಕಬ್ಬಿಣಾ ಮುಟ್ಟಬಾರದು.'

'ಅದು ಗೊತ್ತೈತ್ರಿ. ನಮ್ಮವ್ವ ಅದಾಳ, ತಂಗಿ ಅದಾಳ, ಅವ್ರು ನೀರು ತರ್ತಾರ.'

'ಅದು ನಡ್ಯಾಂಗಿಲ್ಲ,' ಎಂದಳು ಅವ್ವ, ಕಣ್ಣು ಮಿಟುಕಿಸದೆ. 'ಸೂಜಿಗಲ್ಲು ಕಟ್ಟಿಕೊಂಡ ಮನ್ಯಾಗ ಗಂಡಸು ಸೇದಿದ ನೀರಽ ಆಗಬೇಕು. ಬ್ಯಾರೆ ಯಾರು ತಂದ್ರೂ ಹತ್ತೂದಿಲ್ಲ.'

ಇಂಥದೊಂದು ನಿಯಮ ನಾನು ಹೇಳಿರಲಿಲ್ಲ. ಪಾಂಡುರಂಗನಿಗೂ ಸಂಶಯ ಬಂತು. ಬಾಗಿಲ ಮೇಲಿನ ಹಲಗೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. 'ಮಾಸ್ತರ, ಖರೇ ಹೇಳ್ರಿ. ಇದು ಸೈನ್ಸಿನಾಗ ಐತೇನ್ರಿ?'

ಅವ್ವ ನನ್ನ ಕಡೆ ನೋಡಲಿಲ್ಲ. ಪಾರ್ವತಿ ಒಳಗಿನಿಂದ ನೋಡುತ್ತಿದ್ದಳು. ಸುಳ್ಳು ಹೇಳುವ ಅಗತ್ಯವೇ ನನಗೆ ಬೀಳಲಿಲ್ಲ.

'ಬರೇ ಚುಂಬಕ ಕಟ್ಟಿದ್ರ ಏನೂ ಆಗೂದಿಲ್ಲ, ಪಾಂಡುರಂಗ. ಗುಣ ಇರೂದೆಲ್ಲಾ ಪಥ್ಯದಾಗ. ಇದನ್ನ ನಾ ಬರದು ಕೊಡ್ತೇನಿ, ಬೇಕಾದ್ರ.'

ಅವನು ತಲೆದೂಗಿ ಹೋದ. ಬಿಲ್ಲೆಯಿಲ್ಲದ ಬರಿ ಮೊಣಕಾಲಿನಲ್ಲಿ ಕೂತ ಅವ್ವನನ್ನು ಕೇಳಿದೆ: 'ಮತ್ತ ನಿನಗ ಬ್ಯಾಡೇನು ಅದು?'

'ಕಲ್ಲು ಹೋತು. ಪಥ್ಯಾ ಎಲ್ಲಿ ಹೋತು?' ಎಂದಳು. 'ಹಂಡ್ಯಾಗ ನೀರಿಲ್ಲ ನೋಡು.'

ನಾನು ಕೊಡ ಎತ್ತಿಕೊಂಡು ಹೋದಾಗ ಪಾಂಡುರಂಗ ಆಗಲೇ ಬಾವಿಕಟ್ಟೆಯ ಮೇಲಿದ್ದ. ಬಕೆಟ್ಟು ಅರ್ಧಕ್ಕೇ ಸಿಕ್ಕಿಕೊಂಡು ಅವನ ಕೈಯಲ್ಲಿ ಹಗ್ಗ ತಿರುಚಿಕೊಂಡಿತ್ತು. ಹೆಂಗಸರು ಸರಿದು ದಾರಿ ಕೊಟ್ಟಿದ್ದರು. ಇನ್ನೂ ಮೊದಲ ದಿನ ತಾನೆ. ನನ್ನನ್ನು ಕಂಡು ಧ್ವನಿ ತಗ್ಗಿಸಿ ಕೇಳಿದ:

'ಮಾಸ್ತರ, ಈ ಪಥ್ಯಾ ಎಷ್ಟು ದಿನದ್ದ್ರಿ?'

'ನಮ್ಮವ್ವ ಇನ್ನೂ ಹೇಳಿಲ್ಲ,' ಎಂದು ನಾನೂ ಅವನ ಕೈಯಲ್ಲಿದ್ದ ಹಗ್ಗಕ್ಕೆ ಕೈ ಹಾಕಿದೆ.