ನಡುಮನೆಯ ಫೋನು

ಮನೆಗೆ ವೈಫೈ ಬಂದು ಎಷ್ಟು ಉಪಕಾರವಾಯಿತು ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಗಡಿಯಂಚಿನ ನಂಗಲಿಯಿಂದ ಒಳಗಿರುವ ನಮ್ಮೂರಿನಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದುದು ಒಂದೇ ಕಡೆ, ಊರ ಹಿಂದಿನ ಬಂಡೆಯ ಮೇಲೆ. ಅಲ್ಲೂ ಎಷ್ಟೋ ಸಲ ಆಂಧ್ರದ ಟವರು ಹಿಡಿದುಕೊಂಡು ತೆಲುಗಿನಲ್ಲಿ ಸ್ವಾಗತ ಹೇಳುತ್ತಿತ್ತು. ಆದರೂ ಪ್ರತಿ ಸೋಮವಾರ ಹಸುಗಳಿಗೆ ಹುಲ್ಲು ಹಾಕಿ, ಬಂಡೆ ಹತ್ತಿ, ಮಾಲೂರಿನಲ್ಲಿದ್ದ ತಂಗಿಗೆ ಫೋನು ಮಾಡುತ್ತಿದ್ದೆ. ಅವಳಿಗೆ ಅಳಬೇಕಿದ್ದರೆ ಅಳುತ್ತಿದ್ದಳು, ನನಗೆ ಬೈಯಬೇಕಿದ್ದರೆ ಬೈಯುತ್ತಿದ್ದೆ. ಗಂಡ ಸಿಟ್ಟು ಬಂದರೆ ಅನ್ನದ ತಟ್ಟೆ ಎಸೆಯುತ್ತಾನೆ ಎಂದು ಅವಳು ಮೊದಲು ಹೇಳಿದ್ದು ಅಲ್ಲಿಯೇ.

ಆ ಗಂಡ ನನ್ನ ಅತ್ತೆಯ ತಮ್ಮನ ಮಗ. ನಮ್ಮ ಕಡೆ ಹಾಗೆಯೇ, ಒಬ್ಬಳು ಸೊಸೆ ಹೊಂದಿಕೊಂಡಳೆಂದರೆ ಅವಳ ತಂಗಿಯನ್ನೂ ಅದೇ ಬಳಗಕ್ಕೆ ಕೇಳುತ್ತಾರೆ. ಹೀಗಾಗಿ ನಮ್ಮ ಮನೆಯೊಳಗೆ ಆಡಿದ ಮಾತು ಸಂಜೆಯೊಳಗೆ ಮಾಲೂರು ಮುಟ್ಟುತ್ತಿತ್ತು.

ಟವರಿಗಾಗಿ ನಾನು ಕಂಪನಿಗೆ ಎಷ್ಟು ಸಲ ದೂರು ಕೊಟ್ಟೆನೋ ಲೆಕ್ಕವಿಲ್ಲ. ಅಷ್ಟರಲ್ಲಿ ಕೋಲಾರದ ಕಾರ್ಖಾನೆಗೆ ಹೋಗುವ ನನ್ನ ಗಂಡ ಮನೆಗೆ ವೈಫೈ ಹಾಕಿಸಿದರು. ನನ್ನ ಫೋನಿನಲ್ಲಿ ಏನೋ ಒತ್ತಿ, "ಇನ್ಮೇಲೆ ಟವರೇ ಬೇಕಾಗಿಲ್ಲ ಕಣೇ, ಇದೇ ನಂಬರಿಗೆ ವೈಫೈಯಲ್ಲೇ ಕಾಲ್ ಬರ್ತದೆ" ಎಂದು ಬೀಗಿದರು. ಮುಂದಿನ ಸಲ ಕಂಪನಿಗೆ ಫೋನು ಮಾಡಿದಾಗ ಆ ಕಡೆಯ ಹುಡುಗಿ, "ನಿಮ್ಮನೇಲಿ ವೈಫೈ ಕಾಲಿಂಗ್ ಇದೆಯಲ್ಲ ಮೇಡಂ, ಕಂಪ್ಲೇಂಟ್ ಕ್ಲೋಸ್ ಮಾಡ್ತೀನಿ" ಎಂದಳು. ಅವಳ ಪಾಲಿಗೆ ನನ್ನ ಕಷ್ಟ ಅಲ್ಲಿಗೆ ಮುಗಿದಿತ್ತು.

ವೈಫೈ ಡಬ್ಬಿ ಕೂತದ್ದು ನಡುಮನೆಯಲ್ಲಿ, ಟಿವಿಯ ಮೇಲೆ. ಹಳೆಯ ಕಲ್ಲುಗೋಡೆ ದಾಟಿ ಕೋಣೆಗೆ ಕಾಲಿಟ್ಟರೆ ಮಾತು ಕತ್ತರಿಸುತ್ತಿತ್ತು. ನನ್ನ ಫೋನು ರಿಂಗಾದ ಕೂಡಲೇ ಅತ್ತೆ ಮೊರದಲ್ಲಿ ಅವರೆಕಾಯಿ ಹಾಕಿಕೊಂಡು ಬಂದು ಕೂರುತ್ತಿದ್ದರು. ಬಂಡೆಯ ಕಡೆ ಹೊರಟರೆ, "ಎಂದುಕಮ್ಮಾ, ಯಾಕೆ ಈ ಬಿಸಿಲಲ್ಲಿ? ಮನೇಲೇ ಬರ್ತದಲ್ಲ ಫೋನು. ನಮ್ಮ ಮುಂದೆ ಆಡಬಾರದ್ದು ಅದೇನಿರ್ತದೆ?" ಎನ್ನುತ್ತಿದ್ದರು. ಗಂಡನೂ ಹೌದಲ್ಲ ಎಂದರು. ಎರಡು ಸಲ ಗಂಡನ ಹತ್ತಿರ ಜಗಳವಾಡಿ ಹೋದೆ. ಆಮೇಲೆ ಮನೆಯ ನೆಮ್ಮದಿ ಕೆಡುವುದು ಬೇಡವೆಂದು ಬಿಟ್ಟೆ. ಆ ನೆಮ್ಮದಿಗೆ ಬೆಂಕಿ ಬೀಳಲಿ.

ನಡುಮನೆಯ ಫೋನಿನಲ್ಲಿ ತಂಗಿ ಬರೀ ಸಾರು, ಮಳೆ, ಧಾರಾವಾಹಿಯ ಸುದ್ದಿ ಹೇಳುತ್ತಿದ್ದಳು. ಹೇಗಿದೀಯಾ ಎಂದರೆ, "ಚೆನ್ನಾಗಿದೀನಕ್ಕಾ." ಅವನು ಸರಿಹೋದ ಎಂದು ಕತ್ತೆಯಂಥ ನಾನು ನಂಬಿದೆ.

ಶ್ರೀನಿವಾಸಪುರದಲ್ಲಿ ನೆಂಟರ ಮಗಳ ಸೀಮಂತಕ್ಕೆ ನಾನೂ ತಂಗಿಯೂ ಹೋಗಿದ್ದೆವು. ಸೆಕೆಯಲ್ಲೂ ಅವಳು ಮೊಣಕೈ ದಾಟುವ ರವಿಕೆ ತೊಟ್ಟಿದ್ದಳು. ಬಳೆಗಾರ ಕೈ ಹಿಡಿದದ್ದೇ ತಡ, ಸರಕ್ಕನೆ ಹಿಂದಕ್ಕೆಳೆದುಕೊಂಡಳು. ಹಿತ್ತಲಿಗೆ ಕರೆದುಕೊಂಡು ಹೋಗಿ ತೋಳು ಸರಿಸಿ ನೋಡಿದೆ. ಹಳೆಯ ಕಲೆಗಳ ಮೇಲೆ ಹೊಸವು.

"ನಂಗ್ಯಾಕೆ ಹೇಳ್ಲಿಲ್ಲ?" ಎಂದು ಅವಳ ಮೇಲೆಯೇ ರೇಗಿದೆ.

"ಯಾವಾಗ ಹೇಳ್ಲಕ್ಕಾ? ಮೆಸೇಜ್ ಹಾಕಿದ್ರೆ ಅವನು ಫೋನ್ ನೋಡ್ತಾನೆ. ಕಾಲ್ ಮಾಡಿದ್ರೆ ನಿಮ್ಮತ್ತೆ ಅವರೆಕಾಯಿ ಸುಲಿಯೋ ಸದ್ದು ಕೇಳಿಸ್ತದೆ."

ಅಷ್ಟು ಚೆನ್ನಾಗಿ ಕೇಳುತ್ತಿತ್ತು ಆ ಲೈನು. ಅವತ್ತೇ ಬಾ ಎಂದೆ. ಹೊರಗೆ ಅವಳ ಗಂಡ ಬೈಕಿನ ಹಾರನ್ನು ಒತ್ತುತ್ತಿದ್ದ, ಹೊರಟುಹೋದಳು.

ಊರಿಗೆ ಬಂದು ಅತ್ತೆಗೆ ಹೇಳಿದೆ. "ನನ್ನ ತಮ್ಮನ ಮಗ ಅಂಥೋನಲ್ಲ. ನೀನೇ ಕಟ್ಟಿ ಹೇಳ್ತಿದೀಯ" ಎಂದರು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಇವರು ಹೆರದೆಯೇ ಮುದ್ದು ಮಾಡುತ್ತಿದ್ದರು. ಗಂಡ ಅಮ್ಮನ ಮುಖ, ನನ್ನ ಮುಖ ನೋಡಿ ಕೆಲಸಕ್ಕೆ ಹೋದರು. ನಾನು ಒಂದು ಚೀಲಕ್ಕೆ ಸೀರೆ ತುಂಬಿ ಬಾಗಿಲ ಹತ್ತಿರ ಇಟ್ಟು, ನಡುಮನೆಗೆ ಬಂದು ತಂಗಿಗೆ ಫೋನು ಮಾಡಿದೆ. ಎಂದಿನಂತೆ ಅತ್ತೆಯೂ ಬಂದು ಕೂತರು. ನಾನು ಟಿವಿ ಆರಿಸಿ ಸ್ಪೀಕರ್ ಒತ್ತಿದೆ.

"ಅತ್ತೆ ಇಲ್ಲೇ ಇದಾರೆ, ಕೇಳಿಸ್ಕೊಳ್ತಾ ಇದಾರೆ. ನಾನೀಗ್ಲೇ ಬಸ್ ಹತ್ತಿ ನಿನ್ನ ಕರ್ಕೊಂಡು ಬರೋಕೆ ಹೊರಟಿದೀನಿ. ಹಿತ್ತಲಲ್ಲಿ ನಾನು ನೋಡಿದ ಕಲೆಗಳು ಹೇಗಾದ್ವು, ಈಗ ಹೇಳು."

ಮಾನ ಹೋಗ್ತದೆ, ಇಡು ಫೋನು, ಎಂದು ಅತ್ತೆ ಕೈ ಚಾಚಿದರು. ನಾನು ಕೊಡಲಿಲ್ಲ. ಅಷ್ಟರಲ್ಲಿ ತಂಗಿ ಬಾಯಿ ಬಿಟ್ಟಳು. ಮೊದಲನೆಯ ಸಲ ಬೆಲ್ಟಿನಲ್ಲಿ ಹೊಡೆದದ್ದರಿಂದ ಶುರು ಮಾಡಿ, ಒಂದೊಂದಾಗಿ, ಅಳದೆ ಹೇಳತೊಡಗಿದಳು. ಅತ್ತೆ ಮುಖ ತಿರುಗಿಸಿ, ಒಲೆಯ ಮೇಲೆ ಹಾಲಿದೆ ಎನ್ನುತ್ತಾ ಏಳಲು ಹೋದರು.

ಹನ್ನೊಂದು ವರ್ಷ ಅವರಿಗೆ ಎದುರು ಮಾತಾಡದ ನಾನು ಅವರ ತೋಳು ಹಿಡಿದು, "ಕೂತ್ಕೊಳ್ಳಿ, ಇನ್ನೂ ಇದೆ" ಎಂದೆ.