ಹೆಸರೆತ್ತದ ಕಾಮಣಿಯೊಂದಿಗೆ ದಾವಣಗೆರೆಗೆ

ಬೆಳಿಗ್ಗೆ ಆರಕ್ಕೆ ಕೂಡ್ಲಿಗಿ ಬಸ್ ನಿಲ್ದಾಣದಲ್ಲಿರು ಎಂದು ಹೇಳಿದ್ದೆ. ಹೊಸಹಳ್ಳಿಯ ನನ್ನ ತಮ್ಮ ಕೊಟ್ರೇಶ ಹೆಂಡತಿ ಗಂಗಮ್ಮನೊಂದಿಗೆ ಬಂದದ್ದು ಏಳಕ್ಕೆ. "ಕುರಿ ಒಬ್ರಿಗೆ ಒಪ್ಪಿಸಿ ಬರಬೇಕಲ್ಲ ಯಕ್ಕಾ" ಎಂದ. ನರ್ಸ್ ಕೆಲಸದಲ್ಲಿ ಗಡಿಯಾರ ನೋಡಿಯೇ ಬದುಕಿದವಳು ನಾನು. ಮೊದಲ ಬಸ್ಸು ಹೋಗಿಬಿಟ್ಟಿತ್ತು. ಅವನ ಕುತ್ತಿಗೆಯ ಗಂಟುಗಳು ದುಗ್ಧರಸ ಗ್ರಂಥಿಯ ಕ್ಯಾನ್ಸರ್, ಲಿಂಫೋಮಾ, ಎಂದು ಗೊತ್ತಾಗಿ, ದಾವಣಗೆರೆಯಲ್ಲಿ ಅಂದು ಮೊದಲ ಕಿಮೋ ಇತ್ತು.

ಕೊಟ್ಟೂರಿನವರೆಗೆ ನಿಂತೇ ಹೋದೆವು. ಹೆಂಗಸರಿಬ್ಬರಿಗೆ ಉಚಿತ, ಅವನೊಬ್ಬನಿಗೆ ಟಿಕೆಟ್ಟು. ಅಲ್ಲಿ ಮಂಡಕ್ಕಿ ಮಿರ್ಚಿ ತಿಂದು, ಬಿಸಿಲಲ್ಲಿ ಮುಕ್ಕಾಲು ಗಂಟೆ ಕಾದು ಹರಪನಹಳ್ಳಿ ಬಸ್ಸು ಹಿಡಿದೆವು. ಸೀಟು ಸಿಕ್ಕಿತು. ಫೈಲು ತೆರೆದೆ. ವೈದ್ಯರು ಬರೆದುಕೊಟ್ಟಿದ್ದ ಒಂದು ರಕ್ತಪರೀಕ್ಷೆಯ ಚೀಟಿ ಮಡಿಸಿದಂತೆಯೇ ಇತ್ತು. ಯಕೃತ್ತಿಗೆ ತಗಲುವ ಹೆಪಟೈಟಿಸ್ ವೈರಸ್ಸಿನದು.

"ಇದನ್ಯಾಕ ಮಾಡಿಸಿಲ್ಲ?"

"ಅದು ನನಗ ಬೇಕಾಗಿಲ್ಲ."

"ಡಾಕ್ಟ್ರು ನೀನೇನಲೇ?"

ಅವನು ಕಿಟಕಿಯತ್ತ ತಿರುಗಿದ. ಗಂಗಮ್ಮ ಪಿಸುಗುಟ್ಟಿದಳು: "ನೀವು ದೂರದೂರಾಗ ಕೆಲಸಕ್ಕಿದ್ದಾಗ ಇವರಿಗೆ ಕಾಮಣಿ ಆಗಿತ್ರಿ. ಸೊಪ್ಪಿನ ರಸ ಕೊಟ್ಟ ಅಜ್ಜ, ಇನ್ನ ಅದರ ಹೆಸರು ಎತ್ತಬ್ಯಾಡ, ಎತ್ತಿದ್ರ ಮನಿಗೇ ಹೊಳ್ಳಿ ಬರ್ತೈತಿ ಅಂದಾನ. ಡಾಕ್ಟ್ರು ಕೇಳಿದ್ರೂ ಆಗಿಲ್ಲ ಅಂದಾರ."

ನನಗೆ ಮೈಯೆಲ್ಲ ಉರಿಯಿತು. ಕಾಮಾಲೆಯಾಗಿ ಬಂದ ಕಣ್ಣಿನ ಹಳದಿ ಹೋದರೆ ವೈರಸ್ಸು ಹೋಯಿತೆಂದಲ್ಲ. ಹೆಪಟೈಟಿಸ್ ಬಿ, ಸಿ ಎಂಬವು ವರ್ಷಗಟ್ಟಲೆ ಒಳಗೇ ಇರಬಲ್ಲವು. ಕೆಲವರಲ್ಲಿ ಇಂಥ ಕ್ಯಾನ್ಸರಿಗೂ ದಾರಿಯಾಗುತ್ತವೆ. ತಿಳಿಯದೆ ಕಿಮೋ ಕೊಟ್ಟರೆ ಮಲಗಿದ್ದ ಬಿ ವೈರಸ್ಸು ಎದ್ದು ಜೀವಕ್ಕೇ ಸಂಚಕಾರ ತರಬಹುದು. ಹರಪನಹಳ್ಳಿ ಬರುವವರೆಗೂ ಇದನ್ನೇ ಹೇಳಿದೆ. ಹಿಂದಿನ ಸೀಟಿನವರೆಲ್ಲ ಕೇಳಿಸಿಕೊಂಡರು, ಅವನೊಬ್ಬನನ್ನು ಬಿಟ್ಟು.

ದಾವಣಗೆರೆಯಲ್ಲಿ ವೈದ್ಯರು ಮೊದಲು ಕೇಳಿದ್ದೇ ಆ ವರದಿ. "ಅದಿಲ್ಲದೆ ಔಷಧಿ ಏರಿಸುವುದಿಲ್ಲ. ವೈರಸ್ಸು ಇದ್ದರೆ ಹೆಂಡತಿಗೂ ಅಂಟಿರಬಹುದು, ಅವರ ರಕ್ತವನ್ನೂ ಕೊಡಿ" ಎಂದರು.

ಕೊಟ್ರೇಶ ಗಂಗಮ್ಮನನ್ನು ನೋಡಿದ. "ಕಾಮಣಿ ಆಗಿತ್ರಿ ಸರ" ಎಂದ.

ರಕ್ತ ತೆಗೆಯಲು ಬಂದಾಗ ಗಂಗಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಕೈ ಚಾಚಲೇ ಗಂಗೀ. ಹೆಸರು ಎತ್ತಿದಾಂವ ನಾನು. ಬಂದ್ರ ನನಗ ಬರ್ಲಿ."

ಸಂಜೆಗೆ ವರದಿ ಬಂತು. ಅವನಲ್ಲಿ ಬಿ ವೈರಸ್ಸು ಇತ್ತು, ಅವಳಲ್ಲಿ ಇರಲಿಲ್ಲ. ಮೊದಲು ಅದಕ್ಕೆ ಗುಳಿಗೆ, ಕಿಮೋ ಆಮೇಲೆ ಎಂದರು. ಹಿಂದಿರುಗುವ ಬಸ್ಸಿನಲ್ಲಿ ಅವನ ವರದಿಯನ್ನು ಫೈಲಿಗೆ ಸೇರಿಸಿದೆ. ಗಂಗಮ್ಮನ ವರದಿಯನ್ನು ಎರಡು ಸಲ ಕೇಳಿದೆ. ಕೊಟ್ರೇಶ ಕೊಡಲಿಲ್ಲ, ತನ್ನ ಅಂಗಿಯ ಜೇಬಿನಲ್ಲಿಟ್ಟು, ಮೇಲೆ ಕೈ ಒತ್ತಿ ಹಿಡಿದುಕೊಂಡೇ ಕೂಡ್ಲಿಗಿಯಲ್ಲಿ ಇಳಿದ.