ಹೊರಗಿದ್ದಾಳೆ

ಸತ್ತ ರೇಷ್ಮೆ ಹುಳುವನ್ನು ನಮ್ಮ ಮನೆಯಲ್ಲಿ ಎಲ್ಲರೂ ತಿಪ್ಪೆಗೆ ಎಸೆಯುತ್ತಿದ್ದೆವು. ನನ್ನ ತಂಗಿ ಪುಟ್ಟಿ ಮಾತ್ರ ಎಸೆಯುತ್ತಿರಲಿಲ್ಲ. ಮುರುಕು ಮಣೆಯ ಮೇಲೆ ಅದನ್ನು ಅಂಗಾತ ಮಲಗಿಸಿ, ತಲೆಗೊಂದು ಬಾಲಕ್ಕೊಂದು ಜಾಲಿಮುಳ್ಳು ಚುಚ್ಚಿ, ಅಪ್ಪ ಗಡ್ಡ ಕೆರೆದು ಬಿಸಾಡಿದ ಬ್ಲೇಡಿನಿಂದ ಉದ್ದಕ್ಕೆ ಸೀಳುತ್ತಿದ್ದಳು. ಆಗ ಅವಳ ನಾಲಿಗೆಯ ತುದಿ ತುಟಿಯ ಮೂಲೆಯಿಂದ ಇಣುಕುತ್ತಿತ್ತು. ಕರೆದರೆ ಕೇಳಿಸುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ತಾನೇ ಕರೆಯುತ್ತಿದ್ದಳು.

"ಅಕ್ಕಾ, ಬಾರೆ ಇಲ್ಲಿ. ಹುಳ ಉಸಿರಾಡೋದು ಬಾಯಲ್ಲಲ್ಲ ಕಣೆ, ಪಕ್ಕೇಲಿ. ಇಲ್ಲಿ ಚುಕ್ಕೆ ಚುಕ್ಕೆ ಕಾಣುತ್ತಲ್ಲ, ಅವೇ ಮೂಗು."

"ಕಟುಕರ ಮನೇಲಿ ಹುಟ್ಟಬೇಕಾಗಿದ್ದು ದಾರಿ ತಪ್ಪಿ ನಮ್ಮನೆಗೆ ಬಂದ್ಬಿಟ್ಟೈತೆ" ಎಂದು ಅಜ್ಜಿ ಒಳಗಿನಿಂದ ಗೊಣಗುತ್ತಿದ್ದಳು.

"ಅಲ್ಲಿ ಹುಟ್ಟಿದ್ರೆ ಮೊದಲು ನಿನ್ನನ್ನೇ ಕುಯ್ದು ನೋಡ್ತಿದ್ದೆ ಅಜ್ಜಿ, ಇಷ್ಟು ಮಾತು ಎಲ್ಲಿಂದ ಬರುತ್ತೆ ಅಂತ."

ಅಜ್ಜಿಗೆ ಹೀಗೆ ಎದುರು ಹೇಳುವ ಧೈರ್ಯ ನಮ್ಮ ಮನೆಯಲ್ಲಿ ಅವಳೊಬ್ಬಳಿಗೇ ಇತ್ತು. ಅಪ್ಪ ಮೀಸೆಯೊಳಗೆ ನಗುತ್ತಿದ್ದ. ನಾನು ಸೊಪ್ಪು ಹೆಚ್ಚುತ್ತಾ ತಲೆ ಬಗ್ಗಿಸಿಕೊಂಡು ನಗುತ್ತಿದ್ದೆ.

ನಮ್ಮದು ಸಾಸಲು ಹೋಬಳಿಯ ಒಂದು ಹಳ್ಳಿ. ಹೊಲದಲ್ಲಿ ರಾಗಿ, ಬಾವಿಯ ಕೆಳಗೆ ಹಿಪ್ಪುನೇರಳೆ ತೋಟ, ಮನೆಯ ಪಡಸಾಲೆ ತುಂಬ ಹುಳುವಿನ ತಟ್ಟೆಗಳು. ಪುಟ್ಟಿ ಹಾಲು ಬಿಡುವ ಮುಂಚೆಯೇ ಅವ್ವ ತೀರಿಕೊಂಡಳು. ನಾನು ಆಗ ಮೂರನೇ ಕ್ಲಾಸು. ಮರುದಿನದಿಂದ ನನ್ನ ಸೊಂಟದ ಮೇಲೆ ಪುಟ್ಟಿ ಬಂದಳು, ಸ್ಕೂಲು ಹೋಯಿತು. ನಾನು ಮರೆತ ಅಕ್ಷರಗಳನ್ನು ಮುಂದೆ ಅವಳೇ ತನ್ನ ಸ್ಲೇಟಿನ ಮೇಲೆ ನನಗೆ ತಿದ್ದಿಸಿದಳು. ಒತ್ತಕ್ಷರ ತಪ್ಪಿದರೆ ಮೇಷ್ಟ್ರ ಹಾಗೆ ಕಿವಿ ಹಿಂಡುತ್ತಿದ್ದಳು. ಇದನ್ನು ಬರೆಯುತ್ತಿರುವ ಅಕ್ಷರವೂ ಅವಳು ಕಲಿಸಿದ್ದೇ.

ಅವಳು ದೊಡ್ಡಬಳ್ಳಾಪುರಕ್ಕೆ ಬಸ್ಸಿನಲ್ಲಿ ಹೋಗಿ ಪಿಯುಸಿ ಓದಿದಳು. ಫಲಿತಾಂಶ ಬಂದ ದಿನ ಅವಳ ಸೈನ್ಸ್ ಮೇಷ್ಟ್ರು ಸೈಕಲ್ ತುಳಿದುಕೊಂಡು ನಮ್ಮ ಮನೆಗೇ ಬಂದರು. ಬೆವರು ಒರೆಸಿಕೊಳ್ಳುವುದಕ್ಕೂ ಮುಂಚೆ, "ಗೌಡ್ರೇ, ಇವಳಿಗೆ ಮೆಡಿಕಲ್ ಸೀಟು ಸಿಕ್ಕದಿದ್ರೆ ಈ ತಾಲ್ಲೂಕಲ್ಲಿ ಇನ್ಯಾರಿಗೂ ಸಿಕ್ಕಲ್ಲ. ನಂಬರು ಸಾಕಷ್ಟು ಇದೆ. ಇಂಟರ್‌ವ್ಯೂ ಒಂದು ಚೆನ್ನಾಗಿ ಮಾಡ್ಬೇಕು, ಅಷ್ಟೇ" ಎಂದರು.

ಅಪ್ಪ ಅವತ್ತು ಮೇಷ್ಟ್ರಿಗೆಂದು ತಂದ ಮಜ್ಜಿಗೆಯ ಲೋಟವನ್ನು ಕೊಡುವುದನ್ನೇ ಮರೆತು ಕೈಯಲ್ಲೇ ಹಿಡಿದುಕೊಂಡಿದ್ದ. ಆಮೇಲೆ ಊರೆಲ್ಲ ಹೇಳಿಕೊಂಡು ಬಂದ. "ನಮ್ಮ ಹೋಬಳಿಗೆ ಡಾಕ್ಟ್ರಮ್ಮ ಬರ್ತಾಳೆ ಕಣ್ರೋ. ನಿಮ್ಮ ಹೆಂಡ್ರು ಮಕ್ಕಳನ್ನ ಗಾಡೀಲಿ ಹಾಕ್ಕೊಂಡು ಪೇಟೆಗೆ ಓಡೋದು ತಪ್ಪುತ್ತೆ."

ಅವತ್ತಿನಿಂದ ಮನೆಯಲ್ಲಿ ಪುಟ್ಟಿಗೆ ಕೆಲಸವಿಲ್ಲ. ಸೊಪ್ಪಿನ ಕರೆ ಬೆರಳಿಗೆ ಹತ್ತಿದರೆ ದೊಡ್ಡವರ ಮುಂದೆ ಚೆನ್ನಾಗಿರುವುದಿಲ್ಲ ಎಂದು ಅವಳ ಪಾಲಿನ ಸೊಪ್ಪನ್ನೂ ನಾನೇ ಕೊಯ್ದೆ. ಇಂಟರ್‌ವ್ಯೂಗೆ ಉಡಲು ಅವ್ವನ ನೀಲಿ ಸೀರೆಯನ್ನು ಹಾಸಿಗೆಯ ಕೆಳಗೆ ಮಡಿಸಿಟ್ಟು ಇಸ್ತ್ರಿಯ ಹಾಗೆ ಮಾಡಿದೆ. ಅಭ್ಯಾಸಕ್ಕೆ ಎದುರಿಗೊಬ್ಬ ಡಾಕ್ಟರು ಬೇಕೆಂದಾಗ ಆ ಡಾಕ್ಟರೂ ನಾನೇ ಆದೆ.

ಹುಳುಗಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆ ಎತ್ತಿಕೊಂಡು ಸುಮ್ಮನೆ ಕೂರುತ್ತವೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತ ದಿನ ಮಾತ್ರ ನಮಗೆ ಬಿಡುವು. ಆ ಮಧ್ಯಾಹ್ನಗಳಲ್ಲಿ ನಾನು ಅಪ್ಪನ ಕನ್ನಡಕ ಹಾಕಿಕೊಂಡು ರಾಗಿ ಮೂಟೆಯ ಮೇಲೆ ಕೂರುತ್ತಿದ್ದೆ. ಪುಟ್ಟಿ ಇಂಗ್ಲಿಷ್ ಪ್ರಶ್ನೆಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟಿದ್ದಳು.

"ವೈ ಡೂಯೂ ವಾಂಟೂ ಬೀಯ ಡಾಟ್ರು?"

"ಡಾಟ್ರಲ್ಲ ಕಣೆ ಮಹಾರಾಯ್ತಿ, ಡಾಕ್ಟರ್! ಕಕಾರಕ್ಕೆ ಟ ಒತ್ತು ಕೊಟ್ಟಿದೀನಲ್ಲ, ಅದನ್ಯಾಕೆ ನುಂಗ್ತೀಯಾ?"

ಅವಳು ಕೈಕಟ್ಟಿ ನಿಂತು ಇಂಗ್ಲಿಷಿನಲ್ಲಿ ಏನೇನೋ ಹೇಳುತ್ತಿದ್ದಳು. ನನಗೆ ಒಂದಕ್ಷರ ತಿಳಿಯದಿದ್ದರೂ ಗಂಭೀರವಾಗಿ ತಲೆ ಆಡಿಸುತ್ತಿದ್ದೆ. ಅಜ್ಜಿ ಬಾಗಿಲಲ್ಲಿ ನಿಂತು, "ಇಬ್ಬರಿಗೂ ದೆವ್ವ ಹಿಡಿದೈತೆ" ಎನ್ನುತ್ತಿದ್ದಳು. ನನ್ನ ಬದುಕಿನಲ್ಲಿ ಅಷ್ಟು ಸಂತೋಷವಾಗಿ ನಾನು ಮತ್ತೆಂದೂ ಕೂತಿಲ್ಲ.

ನಾಲ್ಕನೇ ಜ್ವರದ ಮಧ್ಯಾಹ್ನ ಅವಳು ಹೊಸ ಪ್ರಶ್ನೆಗಳನ್ನು ಕೊಟ್ಟಳು. ಓದಿದೆ.

"ಹೌ ಮೆನಿ ಬ್ರದರ್ಸ್ ಅಂಡ್ ಸಿಸ್ಟರ್ಸ್ ಡೂಯೂ ಹ್ಯಾವ್?"

"ನೋ ಬ್ರದರ್, ಸರ್. ನೋ ಸಿಸ್ಟರ್."

ನಾನು ಕನ್ನಡಕ ತೆಗೆದೆ. "ಸಿಸ್ಟರ್ ಅಂದ್ರೆ ಅಕ್ಕ ಅಲ್ವೇನೆ?"

"ಹೂಂ."

"ನೋ ಅಂದ್ರೆ ಇಲ್ಲ ಅಂತ ತಾನೇ?"

ಅವಳು ನಕ್ಕಳು. "ಅಯ್ಯೋ, ಅಷ್ಟಕ್ಕೆಲ್ಲ ಮುಖ ಊದಿಸ್ಕೋಬೇಡ. ಇದ್ದಾಳೆ ಅಂದ್ರೆ ಏನು ಓದಿದಾಳೆ, ಏನು ಕೆಲ್ಸ ಅಂತ ಸಾಲಾಗಿ ಕೇಳ್ತಾರೆ. ಮೂರನೇ ಕ್ಲಾಸು, ಹುಳ ಸಾಕ್ತಾಳೆ ಅಂತ ಆ ದೊಡ್ಡವರ ಮುಂದೆ ಹೇಳಕ್ಕಾಗುತ್ತಾ? ಚುಟುಕಾಗಿ ಮುಗಿಸು ಅಂತ ಮೇಷ್ಟ್ರೇ ಹೇಳಿದಾರೆ ಕಣೆ."

ನಾನೂ ನಕ್ಕೆ. ಕನ್ನಡಕ ಹಾಕಿಕೊಂಡು ಮುಂದಿನ ಪ್ರಶ್ನೆ ಓದಿದೆ. ಆದರೆ ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಮುರಿದುಕೊಂಡು ಕೂತಿತು. ಸೊಪ್ಪು ಕೊಯ್ಯುವಾಗ, ತಟ್ಟೆ ಬಳಿಯುವಾಗ, ಅವಳ ತಲೆ ಬಾಚುವಾಗಲೂ ಒತ್ತುತ್ತಿತ್ತು. ಹದಿನೇಳು ವರ್ಷದ ಹುಡುಗಿ ಗಾಬರಿಯಲ್ಲಿ ಆಡಿದ ಮಾತು ಅದು. ಈಗ ಗೊತ್ತಾಗುತ್ತದೆ. ಆಗ ಗೊತ್ತಾಗಬೇಕಿತ್ತು.

ಇನ್ನೊಂದು ವಿಷಯ ಹೇಳದೆ ಮುಂದಿನದು ತಿಳಿಯುವುದಿಲ್ಲ. ಮುಟ್ಟಾದ ಹೆಂಗಸನ್ನು ನಮ್ಮ ಕಡೆ ‘ಹೊರಗಿದ್ದಾಳೆ’ ಎನ್ನುತ್ತಾರೆ. ಹೊರಗಾದವಳು ಮೂರು ದಿನ ಮನೆಯೊಳಗೆ ಕಾಲಿಡುವಂತಿಲ್ಲ. ಅವಳ ನೆರಳು ಬಿದ್ದರೆ ಹುಳುಗಳು ಮೈಯೆಲ್ಲ ಹಾಲಾಗಿ ಒಡೆದು ಸಾಯುತ್ತವೆ ಎಂದು ಅಜ್ಜಿ ನಂಬಿದ್ದಳು, ಊರೂ ನಂಬಿತ್ತು. ಆದರೆ ಕೆಲಸಕ್ಕೆ ಕೈ ಸಾಲದ ಒಂದೆರಡು ಸಲ ನಾನು ಹೊರಗಾಗಿದ್ದನ್ನು ಮುಚ್ಚಿಟ್ಟು ಅದೇ ಕೈಯಲ್ಲಿ ಹುಳು ಮುಟ್ಟಿದ್ದೆ. ಒಂದು ಹುಳುವೂ ಸತ್ತಿರಲಿಲ್ಲ. ಇದು ಗೊತ್ತಿದ್ದವಳು ಪುಟ್ಟಿ ಒಬ್ಬಳೇ. "ನಿನ್ನ ಹುಳಕ್ಕೆ ನಿನಗಿಂತ ಬುದ್ಧಿ ಇದೆ ಕಣೆ, ಶಾಸ್ತ್ರ ಕೇಳಲ್ಲ" ಎಂದು ಕಣ್ಣು ಮಿಟುಕಿಸಿ ಸುಮ್ಮನಾಗಿದ್ದಳು.

ಇಂಟರ್‌ವ್ಯೂ ದಿನವೇ ಹುಳು ಹಣ್ಣಾಗಿ ಹಳದಿಗೆ ತಿರುಗಿದವು. ಹಣ್ಣಾದ ಹುಳುವನ್ನು ಅವತ್ತೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗಳಿಗೆ ಬಿಡಬೇಕು. ತಡವಾದರೆ ಬೆಳೆ ಹೋಯಿತು. ಆದರೂ ಅಪ್ಪ, "ಹುಳ ನೀವು ನೋಡ್ಕೊಳ್ಳಿ, ನಾನು ಮೊದಲನೇ ಬಸ್ಸಿಗೆ ಮಗಳ್ನ ಕರ್ಕೊಂಡು ಹೋಗಿ ಸಂಜೆಗೆ ಬಂದ್ಬಿಡ್ತೀನಿ" ಎಂದು ಬಿಳಿ ಪಂಚೆ ಉಟ್ಟು ಸಿದ್ಧನಾಗಿದ್ದ.

ಪುಟ್ಟಿ ಹಿತ್ತಿಲಿನಿಂದ ಬಂದವಳು ನನ್ನ ತೋಳು ಹಿಡಿದುಕೊಂಡಳು. "ಅಕ್ಕಾ, ಹೊರಗಾಗ್ಬಿಟ್ಟೆ ಕಣೆ. ಯಾರಿಗೂ ಹೇಳ್ಬೇಡ. ಇವತ್ತೊಂದಿನ. ಒಂದು ಬಟ್ಟೆ ಕೊಡು ಬೇಗ."

ನಾನು ಬಟ್ಟೆ ತರಲು ಒಳಗೆ ಹೋದೆ. ಒಳಮನೆಯ ಗೂಟಕ್ಕೆ ಅವಳ ಸರ್ಟಿಫಿಕೇಟಿನ ಚೀಲ ನೇತುಹಾಕಿತ್ತು. ಪಕ್ಕದಲ್ಲಿ ನಾನು ಮಡಿಸಿಟ್ಟ ನೀಲಿ ಸೀರೆ. ಅದನ್ನು ಉಟ್ಟುಕೊಂಡು ಅವಳು ಆ ದೊಡ್ಡವರ ಮುಂದೆ ನಿಂತು ‘ನೋ ಸಿಸ್ಟರ್’ ಎನ್ನುವುದು ನನ್ನ ಕಣ್ಣಿಗೆ ಕಟ್ಟಿತು. ಅಜ್ಜಿ ಪಡಸಾಲೆಯಲ್ಲಿ ಹುಳು ಆರಿಸುತ್ತಿದ್ದಳು. ನಾನು ಬಾಯಿ ತಪ್ಪಿ ಆಡಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ಅಜ್ಜೀ, ಪುಟ್ಟಿ ಹೊರಗಾಗಿದ್ದಾಳೆ."

ಅಜ್ಜಿ ಕೂಗಿಕೊಂಡು ಎದ್ದಳು. ಹಿತ್ತಿಲ ಬಾಗಿಲಿಗೆ ಅಡ್ಡ ನಿಂತು ಪುಟ್ಟಿಯನ್ನು ಅಂಗಳಕ್ಕೆ ಅಟ್ಟಿದಳು. "ಮನೆ ತುಂಬ ಹಣ್ಣುಹುಳ ಇಟ್ಕೊಂಡು ಮುಚ್ಚಿಡ್ತೀಯೇನೆ, ಮನೆಹಾಳಿ!" ಅಪ್ಪನ ಕಡೆ ತಿರುಗಿ, "ಇವಳ ಜೊತೆ ಬಸ್ಸಲ್ಲಿ ಕೂತು ಬಂದು ನೀನು ಹುಳ ಮುಟ್ತೀಯಾ? ಮುಟ್ಟು ನೋಡಾನ" ಎಂದಳು.

ಅಪ್ಪ ಹುಳುವಿನ ತಟ್ಟೆಗಳನ್ನು ನೋಡಿದ. ಅಂಗಳದಲ್ಲಿ ನಿಂತ ಮಗಳನ್ನು ನೋಡಿದ. ಆಮೇಲೆ ನಮ್ಮ ಅಪ್ಪನಂಥವನಿಗೆ ಮಾತ್ರ ಹೊಳೆಯುವ ದಾರಿಯೊಂದು ಅವನಿಗೆ ಹೊಳೆಯಿತು. ಮುಖದಲ್ಲಿ ನೆಮ್ಮದಿಯೂ ಕಂಡಿತು.

"ಅದಕ್ಯಾಕೆ ಅಳ್ತೀಯವ್ವ? ಮೂರು ದಿನ ಬಿಟ್ಟು ಹೋಗಾನ. ಹಿಂಗಿಂಗಾಯ್ತು ಸ್ವಾಮಿ ಅಂತ ನಾನೇ ಹೇಳ್ತೀನಿ. ಅವರ ಮನೇಲೂ ಹೆಣ್ಮಕ್ಕಳು ಇರಲ್ವಾ? ಗೊತ್ತಾಗುತ್ತೆ ಅವರಿಗೆ."

"ಅಪ್ಪಾ, ಹಂಗೆಲ್ಲ ಕಾಯಲ್ಲಪ್ಪಾ ಅವರು. ಇವತ್ತೇ. ಇವತ್ತು ಬಿಟ್ರೆ ಇಲ್ಲ."

"ಇಂಥದ್ದಕ್ಕೆ ಕಾಯ್ತಾರೆ ಕಣವ್ವ" ಎಂದು ಅಪ್ಪ ಪಂಚೆ ಎತ್ತಿ ಕಟ್ಟಿ ಚಂದ್ರಿಕೆ ತರಲು ಹೋದ.

ಆಗ ಪುಟ್ಟಿ ಕಿಟಕಿಯ ಹತ್ತಿರ ಬಂದಳು. ಅಜ್ಜಿಯ ಹತ್ತಿರವಲ್ಲ, ನಾನು ನಿಂತಿದ್ದ ಒಳಮನೆಯ ಕಿಟಕಿಗೆ. "ಅಕ್ಕಾ, ಆ ಚೀಲ ಒಂದು ತಂದ್ಕೊಡು ಸಾಕು. ಸೀರೆ ಬೇಡ. ಹಿಂಗೇ ಹೋಗ್ತೀನಿ, ಒಬ್ಬಳೇ ಹೋಗ್ತೀನಿ. ದಮ್ಮಯ್ಯ ಅಕ್ಕಾ."

ಚೀಲ ನನ್ನ ಕೈಗೆ ಎಟಕುವಷ್ಟು ಹತ್ತಿರವಿತ್ತು.

"ನಿನಗೆ ಸಿಸ್ಟರ್ರೇ ಇಲ್ವಲ್ಲ" ಎಂದೆ. "ಯಾರು ತಂದ್ಕೊಡ್ತಾರೆ?"

ಅವಳು ನನ್ನನ್ನೇ ನೋಡಿದಳು. ನನ್ನ ಗುಟ್ಟು ಅವಳ ನಾಲಿಗೆಯ ಮೇಲಿತ್ತು. ‘ಇವಳೂ ಹೊರಗಾಗಿದ್ದಾಗ ಹುಳ ಮುಟ್ಟಿದ್ದಳು, ಏನೂ ಆಗಲಿಲ್ಲ’ ಎಂದು ಅವಳು ಕೂಗಿದ್ದರೆ ಅಪ್ಪ ತಿರುಗಿ ಬರುತ್ತಿದ್ದನೋ ಏನೋ. ಅಜ್ಜಿ ನನ್ನ ಚರ್ಮ ಸುಲಿಯುತ್ತಿದ್ದಳು, ಅದು ಖಂಡಿತ. ಪುಟ್ಟಿ ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡಳು. ತೋಟದ ಮೋಟಾರು ಮನೆಯ ಕಡೆ ನಡೆದುಹೋದಳು. ಸ್ವಲ್ಪ ಹೊತ್ತಿಗೆ ರಸ್ತೆಯಲ್ಲಿ ಬಸ್ಸು ಹಾರನ್ ಹೊಡೆದು ಹೊರಟಿದ್ದು ಕೇಳಿಸಿತು. ನಾನು ಹುಳು ಆರಿಸುತ್ತಿದ್ದೆ.

ಮೂರು ದಿನ ಕಳೆದು ಅವಳು ತಲೆಗೆ ನೀರು ಹಾಕಿಕೊಂಡು ಒಳಗೆ ಬಂದ ಮೇಲೆ ಅಪ್ಪ ಅವಳನ್ನು ಬೆಂಗಳೂರಿಗೆ ಕರೆದುಕೊಂಡು ಹೋದ. ನೀಲಿ ಸೀರೆಯನ್ನೇ ಉಟ್ಟಿದ್ದಳು. ಅಲ್ಲಿ ನಡೆದಿದ್ದನ್ನು ಅಪ್ಪನೇ ಸಂಜೆ ಅಜ್ಜಿಗೆ ಹೇಳಿದ. ಅದರಲ್ಲಿ ಅಲ್ಲಿಯವರು ನಗುವಂಥದ್ದು ಏನಿತ್ತು ಎಂಬುದು ಅವನಿಗೆ ಆಗಲೂ ತಿಳಿದಿರಲಿಲ್ಲ.

"ಮಗು ಹೊರಗಿತ್ತು ಸ್ವಾಮಿ, ಅದಕ್ಕೇ ಬರಕ್ಕಾಗ್ಲಿಲ್ಲ" ಎಂದನಂತೆ ಆಫೀಸಿನ ಗುಮಾಸ್ತನಿಗೆ.

"ಎಲ್ಲಿ ಹೊರಗೆ? ಲಂಡನ್ನಿಗೆ ಹೋಗಿದ್ಲಾ?"

ಅಪ್ಪ ಬಗ್ಗಿ ಮೆಲ್ಲಗೆ ಬಿಡಿಸಿ ಹೇಳಿದ. ಗುಮಾಸ್ತ ಅದನ್ನು ಕೂಗಿ ಉಳಿದವರಿಗೆಲ್ಲ ಹೇಳಿದ. "ಡಾಕ್ಟರಾಗೋಕೆ ಬಂದೋಳು ನೋಡ್ರಪ್ಪಾ, ಹೊರಗಿದ್ಲಂತೆ! ಹಂಗೇ ಹೊರಗೇ ಇರ್ಲಿ ಬಿಡಿ ಯಜಮಾನ್ರೇ."

ಪುಟ್ಟಿ ಪಕ್ಕದಲ್ಲೇ ನಿಂತಿದ್ದಳಂತೆ. ಅಪ್ಪನ ಕೈ ಹಿಡಿದು, "ಬಾಪ್ಪಾ, ಬಸ್ಸು ಹೋಗ್ಬಿಡುತ್ತೆ" ಎಂದಳಂತೆ.

ಆ ಸಲ ಬಂದಂಥ ಗೂಡು ನಮ್ಮ ಮನೆಯಲ್ಲಿ ಎಂದೂ ಬಂದಿರಲಿಲ್ಲ. ಒಂದೊಂದೂ ಗಟ್ಟಿಯಾಗಿ, ಹೊಂಬಣ್ಣವಾಗಿ ಇದ್ದವು. "ಶಾಸ್ತ್ರ ಕಾಪಾಡಿದ್ದಕ್ಕೆ" ಎಂದು ಅಜ್ಜಿ ಊರಿಗೆಲ್ಲ ತೋರಿಸಿದಳು. ಆ ಬೆಳೆಯ ದುಡ್ಡಿನಲ್ಲಿ ನನ್ನ ಮದುವೆಯಾಯಿತು. ಹೊಸಕೋಟೆ ಕಡೆಗೆ ಬಂದೆ.

‘ಮುಂದಿನ ವರ್ಷ ಮತ್ತೆ ಹಾಕಿ’ ಎಂದು ಮೇಷ್ಟ್ರು ಎರಡು ಮೂರು ಸಲ ಸೈಕಲ್ ತುಳಿದರು. ಪುಟ್ಟಿಯೇ ಬೇಡವೆಂದಳು. ನಾನು ತವರಿಗೆ ಹೋದಾಗ ನೋಡಿದೆ. ಸತ್ತ ಹುಳುವನ್ನು ಅವಳೂ ನಮ್ಮ ಹಾಗೆಯೇ ತಿಪ್ಪೆಗೆ ಎಸೆಯುತ್ತಿದ್ದಳು. ನನ್ನನ್ನು ಕಂಡು ಸೆರಗಿಗೆ ಕೈ ಒರೆಸಿಕೊಂಡು, "ಬನ್ನಿ, ಕೂತ್ಕೊಳ್ಳಿ. ಮನೇಲೆಲ್ಲ ಚೆನ್ನಾಗಿದ್ದೀರಾ?" ಎಂದಳು. ನನ್ನ ಕಿವಿ ಹಿಂಡಿ ಅಕ್ಷರ ಕಲಿಸಿದವಳು. ‘ಬಾರೆ’ ಎಂಬ ಮಾತು ಅವಳ ಬಾಯಿಂದ ನನಗೆ ಮತ್ತೆ ಬರಲಿಲ್ಲ. ಜಗಳವಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ಮರ್ಯಾದೆ ಕೊಟ್ಟಳು.

ಅವಳನ್ನು ದೇವನಹಳ್ಳಿ ಕಡೆ ಕೊಟ್ಟರು. ಎರಡನೇ ಹೆರಿಗೆಯಲ್ಲಿ ಬಾಣಂತಿ ನಂಜಾಯಿತು ಎಂದು ಸುದ್ದಿ ಬಂದಾಗ ನಾನು ಬೆಂಗಳೂರಿನ ಆಸ್ಪತ್ರೆಗೆ ಓಡಿದೆ. ವಾರ್ಡಿನ ಬಾಗಿಲಲ್ಲೇ ಅವಳ ದನಿ ಕೇಳಿಸಿತು. ಚಿಕ್ಕ ವಯಸ್ಸಿನ ಲೇಡಿ ಡಾಕ್ಟರೊಬ್ಬಳಿಗೆ ತನಗೆ ಯಾವಾಗ ಜ್ವರ ಬಂತು, ಹೊಟ್ಟೆಯ ಯಾವ ಭಾಗದಲ್ಲಿ ನೋವು ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ರಾಗಿ ಮೂಟೆಯ ಮುಂದೆ ಹೇಳುತ್ತಿದ್ದ ಹಾಗೆಯೇ ನಿಧಾನವಾಗಿ, ಬಿಡಿಸಿ ಬಿಡಿಸಿ. ಆ ಡಾಕ್ಟರು ಬೆರಗಾಗಿ ಕೇಳುತ್ತಿದ್ದಳು.

ಡಾಕ್ಟರು ಹೋದ ಮೇಲೆ ನಾನು ಮಂಚದ ಹತ್ತಿರ ಹೋದೆ. ಅವಳ ಮುಖ ಹಣ್ಣುಹುಳುವಿನ ಹಾಗೆ ಹಳದಿಯಾಗಿತ್ತು. "ಪುಟ್ಟೀ" ಎಂದೆ. ಅಷ್ಟರಲ್ಲಿ ಬಿಳಿ ಬಟ್ಟೆಯ ನರ್ಸಮ್ಮ ಬಂದು ತಡೆದಳು.

"ಯಾರಮ್ಮ ನೀವು? ಸ್ವಂತದವರು ಒಬ್ಬರು ಮಾತ್ರ ಇರ್ಬೇಕು ಒಳಗೆ." ಆಮೇಲೆ ಪುಟ್ಟಿಯ ಕಡೆ ಬಗ್ಗಿ ಕೇಳಿದಳು. "ಇವರು ನಿಮ್ಮ ಅಕ್ಕನಾ?"

ಪುಟ್ಟಿ ಕಣ್ಣು ತೆರೆದು ನನ್ನನ್ನು ನೋಡಿದಳು. ಕಿಟಕಿಯಲ್ಲಿ ನೋಡಿದ್ದಳಲ್ಲ, ಹಾಗೆ. ಆಮೇಲೆ ನರ್ಸಮ್ಮನ ಕಡೆ ತಿರುಗಿದಳು.

"ನೋ, ಸಿಸ್ಟರ್."

ನನಗೆ ಗೊತ್ತಿದ್ದ ಇಂಗ್ಲಿಷು ಅಷ್ಟೇ.

"ಹಂಗಾದ್ರೆ ಹೊರಗಿರಿ ಅಮ್ಮ" ಎಂದಳು ನರ್ಸಮ್ಮ.

ಅವಳನ್ನು ಬಟ್ಟೆ ಮುಚ್ಚಿ ತರುವವರೆಗೂ ನಾನು ಹೊರಗೇ ಕೂತಿದ್ದೆ.